ಕುಂಗ್‌ಫೂ ಗುರುವಿಗೆ ಬಾಳೆಹಣ್ಣಿನ ಹಲ್ವ

ಬೆಳಿಗ್ಗೆ ಮುಖ ತೊಳೆದ ಮೇಲೆ ನನ್ನ ಮೊದಲ ಕೆಲಸ ಬಾವಿಯಿಂದ ಒಂದು ಕೊಡಪಾನ ನೀರು ಎಳೆದು ತುಳಸಿಕಟ್ಟೆಗೆ ಎರೆಯುವುದು. ಮನೆಯಲ್ಲಿ ಪಂಪು ಇದೆ, ತಾರಸಿಯಲ್ಲಿ ಟ್ಯಾಂಕಿ ಇದೆ, ತಿರುಗಿಸಿದರೆ ನಲ್ಲಿಯಲ್ಲಿ ನೀರು ಬರುತ್ತದೆ. ಆದರೂ ತುಳಸಿಗೆ ಕೈಯಲ್ಲಿ ಎಳೆದ ನೀರೇ ಆಗಬೇಕೆಂದು ನನ್ನ ಮನಸ್ಸು. ಜ್ವರ ಬಂದರೂ ತಪ್ಪಿಸುವುದಿಲ್ಲ, ಜೋರು ಮಳೆಯಲ್ಲಿ ತಲೆಗೊಂದು ಪ್ಲಾಸ್ಟಿಕ್ ಹಾಕಿಕೊಂಡು ಹೋಗುತ್ತೇನೆ. (ಮಳೆಯಲ್ಲಿ ತುಳಸಿಗೆ ನೀರು ಯಾಕಮ್ಮ ಎಂದು ಮಗಳು ತೃಷಾ ಕೇಳುತ್ತಾಳೆ. ಮಳೆ ಎರೆದದ್ದು ಮಳೆಯ ಪುಣ್ಯ. ನನಗೆ ಅದರಲ್ಲಿ ಪಾಲಿಲ್ಲವಲ್ಲ.)

ನನ್ನ ಗಂಡ ವಾಸು ಅವರಿಗೂ ತಪ್ಪದ ವ್ರತವೊಂದಿದೆ. ಅವರು ಬಂದರಿನ ಬಲೆ-ಹಗ್ಗದ ಹೋಲ್‌ಸೇಲ್ ಅಂಗಡಿಯಲ್ಲಿ ಮ್ಯಾನೇಜರ್. ಅವರ ತಂದೆ ಕಡಲಿಗೆ ಹೋಗುತ್ತಿದ್ದವರು. ಇವರು ಕಡಲಿಗೆ ಹೋಗುವವರಿಗೆ ಹಗ್ಗ ಮಾರುವವರು. ಹಗಲಿಡೀ ಅಂಗಡಿಯ ಕುರ್ಚಿ, ಸಂಜೆ ಜಗಲಿಯ ಕುರ್ಚಿ. ಅದರಲ್ಲಿ ಕೂತು ಮೊಬೈಲಿನಲ್ಲಿ ಹಳೆಯ ಕುಂಗ್‌ಫೂ ಸಿನೆಮಾ ನೋಡುವುದು ಅವರ ಸಂಧ್ಯಾವಂದನೆ.

ನನಗೆ ನೋಡಲು ಪುರುಸೊತ್ತಿಲ್ಲ, ಕೇಳಲು ಮಾತ್ರ ತಾಳ್ಮೆಯಿದೆ. ನಾನು ಬಂಗುಡೆ ಮೀನು ಶುಚಿ ಮಾಡುತ್ತ ಕೂತರೆ ಇವರು ಕತೆ ಹೇಳುತ್ತಾರೆ. ಕತೆ ಒಂದೇ. ಅನ್ಯಾಯಕ್ಕೊಳಗಾದ ಹುಡುಗನೊಬ್ಬ ಬೆಟ್ಟದ ಮಠಕ್ಕೆ ಹೋಗುತ್ತಾನೆ, ಬಿಳಿ ಗಡ್ಡದ ಗುರು ಬಾಗಿಲು ತೆರೆಯುವುದಿಲ್ಲ, ಹುಡುಗ ಮೆಟ್ಟಿಲಲ್ಲೇ ಕೂರುತ್ತಾನೆ. ನನಗೆ ಹರಿಕಥೆ ಕೇಳಿದ ಹಾಗೇ ಆಗುತ್ತದೆ. ಶಿಷ್ಯನ ಕಷ್ಟ ನೋಡಲಾಗದೆ ಗುರು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಳ್ಳುವ ಜಾಗ ಬಂದಾಗಲಂತೂ ನನ್ನ ಕೈಯಲ್ಲಿನ ಬಂಗುಡೆ ಅಲ್ಲಿಗೇ ನಿಲ್ಲುತ್ತದೆ.

ಹೀಗಿರುವಾಗ ಇವರ ಶುಗರ್ ಏರಿತು. ಕೊಡಿಯಾಲ್‌ಬೈಲಿನ ಡಾಕ್ಟರು, ಮೈ ಅಲುಗಾಡಿಸದಿದ್ದರೆ ಇನ್ನು ದಿನಾ ಇಂಜೆಕ್ಷನ್ನೇ ಎಂದು ಹೇಳಿಬಿಟ್ಟರು. ಇವರಿಗೆ ಸೂಜಿ ಕಂಡರೆ ಕಣ್ಣು ಕತ್ತಲೆ. ಆದರೂ ವಾಕಿಂಗ್ ಎಂದು ಹೊರಟವರು ಗೇಟಿನವರೆಗೆ ಹೋಗಿ, ಪೇಪರು ತೆಗೆದುಕೊಂಡು, ಬಂದು ಕುರ್ಚಿಯಲ್ಲಿ ಕೂತರು. ಹೇಳಿದರೆ ಸಿಟ್ಟು. ನಾನು ದೇವರಿಗೆ ಹೇಳಿಕೊಂಡೆ. ದೇವರು ಉಪಾಯವನ್ನು ಕುಂಗ್‌ಫೂವಿನಲ್ಲೇ ಇಟ್ಟಿದ್ದ.

"ಮೂರು ವರ್ಷ ಬರೀ ನೀರು ಹೊರಿಸ್ತಾನೆ ಮಾರಾಯ್ತಿ ಆ ಗುರು," ಎಂದರು ಒಂದು ಸಂಜೆ. "ಒಂದು ಪೆಟ್ಟು ಹೇಳಿ ಕೊಡುದಿಲ್ಲ."

"ಶಿಷ್ಯ ಎಂತ ಹೇಳುದಿಲ್ವಾ?"

"ಹೇಳ್ಲಿಕ್ಕೆ ಇಲ್ಲ. ಅದೇ ಟ್ರೈನಿಂಗ್. ಕೊನೆಗೆ ವೈರಿ ಬಂದಾಗ ಕೈ ತನ್ನಷ್ಟಕ್ಕೇ ಏಳ್ತದೆ." ಮೊಬೈಲನ್ನು ಮಡಿಲಲ್ಲಿಟ್ಟು, "ನಂಗೆ ಅಂಥ ಒಬ್ಬ ಗುರು ಸಿಗ್ಲಿಲ್ಲ ನೋಡು," ಎಂದರು. ಸ್ವರದಲ್ಲಿ ನಿಜವಾದ ಬೇಸರವಿತ್ತು. ಚಿಕ್ಕಂದಿನಲ್ಲಿ ಕರಾಟೆ ಕಲಿಯುತ್ತೇನೆಂದು ಹಟ ಹಿಡಿದಾಗ ಇವರ ತಂದೆ ಕೈಗೆ ಹರಿದ ಬಲೆ ಕೊಟ್ಟು ಹೊಲಿಯಲು ಕೂರಿಸಿದ್ದರಂತೆ.

"ನಾನು ಆಗ್ಬಹುದಾ?" ಎಂದೆ.

"ಎಂತ?"

"ಗುರು."

"ನಿಂಗೆ ಕುಂಗ್‌ಫೂ ಎಲ್ಲಿ ಬರ್ತದೆ?"

"ಮೊದಲ ಮೂರು ವರ್ಷ ನೀರು ಹೊರಿಸುದು ಅಲ್ವಾ? ಅಷ್ಟು ಬರ್ತದೆ. ಆಮೇಲಿನದ್ದು ಆಮೇಲೆ ನೋಡುವ."

ಇವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಮರುದಿನ ಅಂಗಡಿಯಿಂದ ಬಾವಿಗೆ ಹೊಸ ಹಗ್ಗ ತಂದರು.

ನನ್ನ ಮಠದ ನಿಯಮ ಹೀಗಿತ್ತು: ಬಚ್ಚಲಿನ ಡ್ರಮ್ಮಿಗೆ ಬಾವಿಯ ನೀರು, ಅಂಗಳಕ್ಕೆ ಹಿಡಿಸೂಡಿ, ಮಿಕ್ಸಿಗೆ ವಿಶ್ರಾಂತಿ ಕೊಟ್ಟು ಕಡೆಯುವ ಕಲ್ಲಿನಲ್ಲಿ ಮಸಾಲೆ. ತುಳಸಿಯ ಕೊಡಪಾನ ಮಾತ್ರ ನನ್ನದು. ಇವರು ತುಟಿ ಬಿಚ್ಚದೆ ಮಾಡಿದರು. ಆಚೆ ಮನೆಯ ಮಗ್ದಲೀನ್ ಬಾಯಿ ಕಂಪೌಂಡಿನ ಮೇಲಿಂದ ಕತ್ತು ಚಾಚಿದರು.

"ಮೋಹಿನಿ, ನಿನ್ನ ಗಂಡನಿಗೆ ಎಂತಾಗಿದೆ? ಹಿಡಿಸೂಡಿ ಹಿಡ್ಕೊಂಡು ಕುಣೀತಾ ಇದ್ದಾರಲ್ಲ."

"ಗುಡಿಸುದು ಬಾಯಿ."

"ಒಂದು ಕಾಲಲ್ಲಾ?" ಸ್ವಲ್ಪ ಹೊತ್ತು ನೋಡಿ, "ಅಂಗಳ ಚೊಕ್ಕ ಆಗಿದೆ ಆಯ್ತಾ. ಇವರು ದಿನಾ ನೋಡುವ ಆ ಸಿನೆಮಾ ನಮ್ಮವರಿಗೂ ಒಮ್ಮೆ ತೋರಿಸು," ಎಂದರು.

ಆದರೆ ಶಿಷ್ಯನಿಗೂ ನಿಯಮಗಳಿದ್ದವು. ನಾನು ಪಾತ್ರೆ ತೊಳೆಯಲು ಎದ್ದರೆ ಅಡ್ಡ ನಿಂತರು. "ಗುರು ಎದ್ದು ಪಾತ್ರೆ ತೊಳೆಯುದು ಯಾವ ಸಿನೆಮಾದಲ್ಲಿ ಉಂಟು? ಕೂತ್ಕೊಳ್ಳಿ." (ಗುರುವಾದ ಮೇಲೆ ನನಗೆ ಬಹುವಚನವೂ ಬಂತು.) ಹೀಗೆ ಜಗಲಿಯ ಕುರ್ಚಿಗೆ ನಾನು ಬಂದೆ. ಅದು ಇಷ್ಟು ಮೆತ್ತಗಿದೆಯೆಂದು ಆ ತನಕ ಗೊತ್ತಿರಲಿಲ್ಲ.

ಇನ್ನೊಂದು ಗುರುಕಾಣಿಕೆ. ದಿನಾ ಸಂಜೆ ಬಂದರಿನಿಂದ ಬರುವಾಗ ಬಾಳೆಹಣ್ಣಿನ ಹಲ್ವ ತಂದು, ಬಾಳೆಲೆಯ ತುಂಡಿನಲ್ಲಿಟ್ಟು, ಮೇಲೊಂದು ದಾಸವಾಳ ಇಟ್ಟು ಕೊಡುತ್ತಿದ್ದರು. ಶಿಷ್ಯ ಭಕ್ತಿಯಿಂದ ಕೊಟ್ಟದ್ದನ್ನು ಗುರು ಬೇಡವೆನ್ನಬಾರದು. ತೆಗೆದುಕೊಂಡು ದೇವರ ಮುಂದಿಟ್ಟೆ. ದೇವರ ಮುಂದಿಟ್ಟ ಮೇಲೆ ಅದು ಪ್ರಸಾದ. ಪ್ರಸಾದವನ್ನು ಎಸೆಯುವಂತಿಲ್ಲ. ಇವರಿಗೆ ಶುಗರ್. ತೃಷಾಳಿಗೆ ಡಯೆಟ್. ದೇವರಲ್ಲಿ ನಂಬಿಕೆಯಿರುವ ಯಾರಾದರೂ ಮಾಡಬೇಕಾದುದನ್ನೇ ನಾನೂ ಮಾಡಿದೆ. ದಿನಾ ಮಾಡಿದೆ.

ನವರಾತ್ರಿ ಕಳೆದ ಮೇಲೆ ಮೂವರೂ ಡಾಕ್ಟರರಲ್ಲಿಗೆ ಹೋದೆವು. ರಿಪೋರ್ಟು ನೋಡಿ ಅವರು ಎದ್ದು ಇವರ ಕೈ ಕುಲುಕಿದರು. ಇಂಜೆಕ್ಷನ್ ಬೇಡ, ಇದ್ದ ಮಾತ್ರೆಯಲ್ಲೂ ಒಂದು ಕಡಿಮೆ. ಇವರು ವೈರಿಯನ್ನು ಬೆಟ್ಟದಿಂದ ಕೆಳಕ್ಕೆ ಕಳಿಸಿದವರ ಹಾಗೆ ಎದೆಯುಬ್ಬಿಸಿ ನನಗೆ ಕೈಮುಗಿದರು. ನನ್ನ ಬಾಯಿ ಒಣಗಿತ್ತು. ಬಾಟಲಿ ಎತ್ತಿ ನೀರು ಕುಡಿದೆ. ಮತ್ತೆ ಕುಡಿದೆ. ಡಾಕ್ಟರು ನನ್ನನ್ನೇ ನೋಡಿ, "ಅಕ್ಕಾ, ನಿಮ್ಮದೂ ಒಮ್ಮೆ ನೋಡಿಬಿಡುವ," ಎಂದರು.

ಸಂಜೆ ನನ್ನ ರಿಪೋರ್ಟು ತೃಷಾಳ ಮೊಬೈಲಿಗೆ ಬಂತು. ಅವಳು ಓದಿದಳು, ಅಪ್ಪನ ಹಳೆಯದನ್ನು ತೆಗೆದು ಹೋಲಿಸಿದಳು.

"ಅಪ್ಪನ ನಂಬರ್ ಎಲ್ಲಿಗೂ ಹೋಗ್ಲಿಲ್ಲ," ಎಂದಳು. "ಅಮ್ಮನಲ್ಲಿ ಉಂಟು."

ಇವರು ಚೀಲದಿಂದ ಅಂದಿನ ಹಲ್ವದ ಪೊಟ್ಟಣ ತೆಗೆದು, ದೇವರ ಕೋಣೆಗೆ ಹೋಗದಂತೆ ನೋಡಿಕೊಂಡು, ಕಂಪೌಂಡಿನ ಮೇಲಿಂದ ಮಗ್ದಲೀನ್ ಬಾಯಿಗೆ ದಾಟಿಸಿದರು. ಆಮೇಲೆ ಜಗಲಿಗೆ ಬಂದು ತಮ್ಮ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು.

"ಮೋಹಿನಿ," ಎಂದರು. ಬಹುವಚನ ಹೋಗಿತ್ತು. "ನಾಳೆಯಿಂದ ಡ್ರಮ್ಮು ನಿಂಗೆ."

ಬೆಳಿಗ್ಗೆ ತುಳಸಿಗೆ ಎರೆದು ಡ್ರಮ್ಮಿಗೆ ಶುರು ಮಾಡಿದೆ. ದಿನಕ್ಕೊಂದು ಕೊಡಪಾನ ಎಳೆಯುವವಳಿಗೆ ಬಾವಿ ಇಷ್ಟು ಆಳವಿದೆಯೆಂದು ತಿಳಿಯುವುದು ಡ್ರಮ್ಮು ಕಾಲು ಭಾಗ ತುಂಬಿದಾಗ. ಅರ್ಧಕ್ಕಾಗುವಾಗ ಅಂಗೈ ಕೆಂಪಾಯಿತು, ಭುಜ ಬೇರೆ ಯಾರದ್ದೋ ಆಯಿತು. ತಿರುಗಿ ನೋಡಿದೆ. ಇವರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು.

ತಡೆಯಲಾರದೆ ಎದ್ದು ಬಂದರು. "ಸಾಕು ಮಾರಾಯ್ತಿ, ಆ ಹಗ್ಗ ಇಲ್ಲಿ ಕೊಡು. ಉಳಿದದ್ದು ನಾನು ಎಳೀತೇನೆ."

ಕೊಡಬೇಕೆಂದೇ ಅನ್ನಿಸಿತು. ಆದರೆ ಇಷ್ಟು ಕತೆ ಕೇಳಿದ್ದು ಸುಮ್ಮನೆಯಲ್ಲ.

"ಬೇಡ," ಎಂದು ಕೊಡಪಾನವನ್ನು ಮತ್ತೆ ಬಾವಿಗೆ ಇಳಿಸಿದೆ. "ಶಿಷ್ಯನ ನೀರು ಗುರು ಎಳೆಯುದು ಯಾವ ಸಿನೆಮಾದಲ್ಲಿ ಉಂಟು? ನೀವು ಆ ಹಿಡಿಸೂಡಿ ತೆಕ್ಕೊಳ್ಳಿ. ಕೂತ ಗುರುವಿಗೆ ಎಂತಾಗ್ತದೆ ಅಂತ ನೋಡಿದ್ದೀರಲ್ಲ."