ಗುಂಡ ನೀರು ಕುಡಿಯಲೊಲ್ಲ

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡವರಿಗೆ ಮನೆಯಲ್ಲಿ ಮರ್ಯಾದೆ ಸ್ವಲ್ಪ ಕಡಿಮೆಯೇ. ನಾನು ಅಂಥವನು. ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ, ಎರಕ ಹೊಯ್ದು ಬಂದ ಕಬ್ಬಿಣದ ಸಾಮಾನುಗಳನ್ನು ತಿರುಗಿಸಿ, ತಟ್ಟಿ, ಬೆಳಕಿಗೆ ಹಿಡಿದು ನೋಡಿ, ತೂತೋ ಬಿರುಕೋ ಕಂಡರೆ ಚಾಕ್‌ಪೀಸಿನಲ್ಲಿ ಅಡ್ಡಗೀಟು ಎಳೆದು ‘ರಿಜೆಕ್ಟ್’ ಎಂದು ಪಕ್ಕಕ್ಕೆ ತಳ್ಳುವುದು ನನ್ನ ಕೆಲಸ. ಇದನ್ನೇ ಮಾಡಿ ಮಾಡಿ ನನ್ನ ಮುಖವೂ ಅಡ್ಡಗೀಟಿನ ಹಾಗೆ ಆಗಿದೆ ಎಂಬುದು ನನ್ನ ಹೆಂಡತಿ ಗಿರಿಜಳ ಅಭಿಪ್ರಾಯ. ತಟ್ಟೆಗೆ ಉಪ್ಪಿಟ್ಟು ಬಿದ್ದರೆ ಮೊದಲು ಗಂಟು ಹುಡುಕುತ್ತೇನಂತೆ. ಹುಡುಕುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ನನ್ನನ್ನೂ ಹೀಗೆ ತಿರುಗಿಸಿ ನೋಡಿ ಪಕ್ಕಕ್ಕೆ ತಳ್ಳುವ ಇನ್ಸ್‌ಪೆಕ್ಟರ್ ಒಬ್ಬ ನಮ್ಮ ಮನೆಯಲ್ಲೇ ಇದ್ದಾನೆ ಎಂದು ತಿಳಿದದ್ದು ಈ ಬೇಸಿಗೆಯಲ್ಲಿ.

ಅವನು ಗುಂಡ, ನಮ್ಮ ಬೆಕ್ಕು. ಭದ್ರಾವತಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ರಾಗಿಗುಡ್ಡದ ನಮ್ಮ ಮನೆಯ ಕಾಂಪೌಂಡಿನೊಳಗೆ ಮರಿಯಾಗಿ ನುಗ್ಗಿ, ನೋಡನೋಡುತ್ತ ನಾನು ಕೂರುವ ಕುರ್ಚಿಯವರೆಗೆ ಮುಂದುವರಿದ ಕೆಂಚು ಗಂಡು. ಒಂದು ದಿನ ಅವನು ಮೂಲೆಯಲ್ಲಿ ಕೂತು ತಿಣುಕತೊಡಗಿದ. ಮೂತ್ರ ಬರುತ್ತಿಲ್ಲ. ಮುಟ್ಟಿದರೆ ನರಳುತ್ತಾನೆ. ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಓಡಿದೆವು. ಡಾಕ್ಟರಮ್ಮ ಸಣ್ಣ ನಳಿಕೆ ಹಾಕಿ ಅಡ್ಡಿ ತೆಗೆದು, ಕೈ ತೊಳೆದುಕೊಳ್ಳುತ್ತ ಹೇಳಿದರು: “ಈ ಸಲ ಉಳ್ಕೊಂಡ. ಇವನು ನೀರೇ ಕುಡೀತಿಲ್ಲ ಸರ್. ಮತ್ತೆ ಕಟ್ಕೊಂಡ್ರೆ ಜೀವಕ್ಕೇ ಅಪಾಯ. ಬೇರೆ ಬೇರೆ ಪಾತ್ರೆ, ಬೇರೆ ಬೇರೆ ಜಾಗ ಇಟ್ಟು ನೋಡಿ. ಊಟದ ತಟ್ಟೆ ಪಕ್ಕ ಬೇಡ. ಆದ್ರೆ ಬಲವಂತವಾಗಿ ಮಾತ್ರ ಬಾಯಿಗೆ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದ್ರೆ ಕಷ್ಟ. ಅವನಿಗೇ ಕುಡೀಬೇಕು ಅನ್ನಿಸ್ಬೇಕು.”

ಅಲ್ಲೇ ನಿಂತಿದ್ದ ಗಿರಿಜ, “ನಮ್ಮ ಯಜಮಾನ್ರಿಗೂ ಇದೇ ಕಥೆ ಡಾಕ್ಟ್ರೇ. ಕಿಡ್ನೀಲಿ ಕಲ್ಲಾಗಿತ್ತು. ಈಗ ಪರವಾಗಿಲ್ಲ, ಚೆನ್ನಾಗಿ ನೀರು ಕುಡೀತಾರೆ” ಎಂದಳು. ನಾನು ವಿನಯದಿಂದ ಬುಟ್ಟಿಯ ಕಡೆ ನೋಡಿದೆ.

ಈ ವಿನಯದ ಹಿನ್ನೆಲೆ ಹೇಳಬೇಕು. ನನಗೆ ನೀರೆಂದರೆ ಆಗದು. ಕಾಫಿ ಕೊಡಿ, ಮಜ್ಜಿಗೆ ಕೊಡಿ, ಬರೀ ನೀರು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಕಲ್ಲಿನ ನೋವು ಬಂದ ಮೇಲೆ ಗಿರಿಜ ತನ್ನ ತವರಿನ ಅಗಲ ಬಾಯಿಯ ಸ್ಟೀಲ್ ತಂಬಿಗೆಯನ್ನು ಹೊರತೆಗೆದಳು. ಕಿಟಕಿಯ ಪಕ್ಕ ನನ್ನ ಕುರ್ಚಿ, ಕುರ್ಚಿಯ ಪಕ್ಕ ಗಿಡ್ಡ ಸ್ಟೂಲು, ಅದರ ಮೇಲೆ ತಂಬಿಗೆ. ಅವರ ಮನೆಯ ಪದ್ಧತಿಯಲ್ಲಿ ತಂಬಿಗೆಯ ನೀರು ಕಂಠದವರೆಗಲ್ಲ, ಅಂಚಿನವರೆಗೆ ತುಂಬಿರಬೇಕು. ಅರೆಬರೆ ತುಂಬಿದ ತಂಬಿಗೆ ಇಟ್ಟರೆ ಬಂದವರಿಗೆ ಅವಮಾನ ಮಾಡಿದಂತೆ. ಹಾಗೆ ತುಂಬಿಟ್ಟು ಹೋಗುತ್ತಿದ್ದಳು. ಬಂದು ನೋಡಿದರೆ ನೀರು ಒಂದಿಷ್ಟು ಇಳಿದಿರುತ್ತಿತ್ತು. “ಭೇಷ್” ಎಂದು ಮತ್ತೆ ತುಂಬುತ್ತಿದ್ದಳು. ಕುಡಿದ ನೆನಪು ನನಗಿರಲಿಲ್ಲ ನಿಜ, ಆದರೆ ಪೇಪರ್ ಓದುವ ಭರದಲ್ಲಿ ಕುಡಿದಿರಬಹುದು ಅಂದುಕೊಂಡೆ. ತಾನಾಗಿ ಬಂದ ಹೊಗಳಿಕೆಯನ್ನು ಯಾರು ಬೇಡ ಅನ್ನುತ್ತಾರೆ? ಈ ವರ್ಷ ಬೇಸಿಗೆ ಶುರುವಾಗುವಾಗ ಅವಳು ನನ್ನ ಸಾಧನೆ ಮೆಚ್ಚಿ ಕೆಲಸಕ್ಕೂ ಒಯ್ಯುವಂಥ, ಮುಚ್ಚಳವಿರುವ ದೊಡ್ಡ ಬಾಟಲಿಯೊಂದನ್ನು ತಂದುಕೊಟ್ಟಳು. ತಂಬಿಗೆ ಅಟ್ಟ ಸೇರಿತು.

ಇನ್ನು ಗುಂಡನ ವಿಷಯ. ನನಗೆ ಹೆದರಿಕೆಯಾಗಿತ್ತು. ಅವನು ಡಾಕ್ಟರಮ್ಮನ ಮೇಜಿನ ಮೇಲೆ ಮಲಗಿದ್ದಾಗ ನನ್ನ ಬೆರಳನ್ನು ಪಂಜದಲ್ಲಿ ಹಿಡಿದುಕೊಂಡಿದ್ದ. ಇವನಿಗೆ ನೀರು ಕುಡಿಸದೆ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಮನೆಗೆ ಬಂದವನೇ ಅವನ ಹಳೆಯ ಪ್ಲಾಸ್ಟಿಕ್ ಬಟ್ಟಲನ್ನು ತಪಾಸಣೆ ಮಾಡಿದೆ. ತೂಕವಿಲ್ಲ, ಜಾರುತ್ತದೆ, ಕಾಲು ತಾಗಿದರೆ ಮಗುಚುತ್ತದೆ. ರಿಜೆಕ್ಟ್. ಇನ್ಯಾರಾದರೂ ಆಗಿದ್ದರೆ ಪೇಟೆಗೆ ಹೋಗಿ ಇನ್ನೊಂದು ಬಟ್ಟಲು ತರುತ್ತಿದ್ದರು. ನಾನು ಭದ್ರಾವತಿಯಲ್ಲಿ ಕೆಲಸ ಮಾಡುವವನು. ಎರಕ ಹೊಯ್ಯಿಸಿದೆ.

ಅಚ್ಚು ಮಾಡುವ ಸೆಲ್ವಂ ನನ್ನ ಹಳೆಯ ಸ್ನೇಹಿತ. ಮಾಲೀಕರ ಒಪ್ಪಿಗೆ ಪಡೆದು ಊಟದ ಬಿಡುವಿನಲ್ಲಿ ಇಬ್ಬರೂ ಕೂತು ಆಳವಾದ, ದಪ್ಪ ತಳದ ಬಟ್ಟಲು ಮಾಡಿದೆವು. ನಾನು ತಟ್ಟಿ ನೋಡಿದೆ, ಗಂಟೆಯಂತೆ ನಾದ ಬಂತು. ಒಂದು ತೂತಿಲ್ಲ. ಸೆಲ್ವಂ ಎಂದಿನಂತೆ ನನ್ನ ಬಾಟಲಿಯಿಂದ ಗಟಗಟ ನೀರು ಕುಡಿದು, ಬಾಯಿ ಒರೆಸಿಕೊಂಡು ಹೇಳಿದ: “ಸಾರ್, ಕೋಪ ಮಾಡ್ಕೋಬೇಡಿ. ಇದು ಬೆಕ್ಕು ನೀರು ಕುಡಿಯೋಕಲ್ಲ, ಆನೆ ಕಟ್ಟಾಕೋಕೆ ಆಗುತ್ತೆ.”

“ಮಗುಚಲ್ಲ ತಾನೇ ಮಾರಾಯ?”

“ಬೆಕ್ಕೇ ಮಗುಚ್ಕೊಂಡ್ರೂ ಇದು ಮಗುಚಲ್ಲ ಸಾರ್.”

ಆ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯ ಬಸ್ಸಿನಲ್ಲಿ ಕೂತೆ. ದಾರಿಯಲ್ಲಿ ಮಲವಗೊಪ್ಪ ಬರುವಷ್ಟರಲ್ಲಿ ಎರಡು ಕಾಲೂ ಜೋಮು ಹಿಡಿದಿದ್ದವು. ಮನೆಯಲ್ಲಿ ನೀರು ಚೆಲ್ಲದಿರಲಿ ಎಂದು ಅರ್ಧ ಮಾತ್ರ ತುಂಬಿಟ್ಟೆ. ಗುಂಡ ಬಂದ. ಬಟ್ಟಲನ್ನು ಒಂದು ಸುತ್ತು ಹಾಕಿದ. ತಲೆ ಒಳಗೆ ಇಳಿಸಿದ, ಮೀಸೆ ಎರಡೂ ಕಡೆ ಕಬ್ಬಿಣಕ್ಕೆ ತಾಗಿತು, ತಲೆ ಹೊರಗೆಳೆದ. ಒಂದು ಕಾಲನ್ನು ಅಸಹ್ಯದಿಂದ ಒದರಿ ಹೊರಟುಹೋದ. ಎಷ್ಟೋ ಎರಕಗಳನ್ನು ನಾನು ಪಕ್ಕಕ್ಕೆ ತಳ್ಳಿದ್ದೇನೆ, ಆದರೆ ಇಷ್ಟು ಸ್ಪಷ್ಟವಾಗಿ ತಳ್ಳಿದ್ದಿಲ್ಲ. ಬೆಳಿಗ್ಗೆ ನೋಡಿದರೆ ಬಟ್ಟಲು ತುಕ್ಕು ಹಿಡಿದು ನೀರು ಕೆಂಪಗಾಗಿತ್ತು. ಗಿರಿಜ ಅದರಲ್ಲಿ ತುಳಸಿ ನೆಡಬಹುದೇ ಎಂದು ಕೇಳಿದಳು.

ನಾನು ಬಿಡಲಿಲ್ಲ. ಗಾಜಿನ ಬಟ್ಟಲು, ಮಣ್ಣಿನ ತಟ್ಟೆ, ಪಿಂಗಾಣಿ ಬಸಿ ಎಲ್ಲ ತಂದೆ. ಮೆಟ್ಟಿಲ ಕೆಳಗೆ, ಮಂಚದ ಪಕ್ಕ, ಹೊಲಿಗೆ ಮಷಿನ್ನಿನ ಹತ್ತಿರ ನೀರಿಟ್ಟೆ. ಗುಂಡ ಯಾವುದನ್ನೂ ಮುಟ್ಟಲಿಲ್ಲ, ಗಿರಿಜ ಮಾತ್ರ ಎಲ್ಲದಕ್ಕೂ ಕಾಲಿಟ್ಟಳು. ಹರಿಯುವ ನೀರು ಇಷ್ಟವಿರಬಹುದೆಂದು ಬಚ್ಚಲಿನ ನಲ್ಲಿಯನ್ನು ಸಣ್ಣಗೆ ಬಿಟ್ಟು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಅವನು ತಲೆ ಒದ್ದೆ ಮಾಡಿಕೊಂಡು, ಅದು ನನ್ನದೇ ತಪ್ಪೆಂಬಂತೆ ನೋಡಿದ. ಈ ನಡುವೆ ಅವನ ಜೀವ ಹಿಡಿದಿಟ್ಟದ್ದು ಡಾಕ್ಟರಮ್ಮ ಕೊಟ್ಟ ಮೆತ್ತನೆಯ ಆಹಾರ, ಜೊತೆಗೆ ಸೆಲ್ವಂನ ಹೆಂಡತಿ ಉಪ್ಪು ಈರುಳ್ಳಿ ಹಾಕದೆ ಬೇಯಿಸಿ ಡಬ್ಬಿಯಲ್ಲಿ ಕಳಿಸುತ್ತಿದ್ದ ಮೀನಿನ ನೀರು. ಲಿಂಗಪೂಜೆಯ ಮನೆಯೊಳಗೆ ಆ ಡಬ್ಬಿ ಬರುವಂತಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗಿರಿಜಳೇ ಸೆರಗಿನಿಂದ ಮೂಗು ಮುಚ್ಚಿಕೊಂಡು ಅವನಿಗೆ ಬಡಿಸುತ್ತಿದ್ದಳು. “ಕುಡಿಯೋ ನನ್ನಪ್ಪ” ಎಂದು ಅವಳು ಗೋಗರೆಯುವುದನ್ನು ಕೇಳಿ ನನಗೆ ಕಣ್ಣು ತುಂಬಿ ಬಂದದ್ದುಂಟು. ಆದರೂ ನೀರು ಸಾಲದು, ತಾನಾಗಿ ಕುಡಿಯಲೇಬೇಕು ಎಂದು ಡಾಕ್ಟರಮ್ಮ ಮತ್ತೆ ಎಚ್ಚರಿಸಿದ್ದರು.

ಒಂದು ಶನಿವಾರ ಬಾಟಲಿಯನ್ನು ಸೆಲ್ವಂನ ಹತ್ತಿರವೇ ಮರೆತು ಬಂದೆ. ಭಾನುವಾರ ಬೆಳಿಗ್ಗೆ ಗಿರಿಜ, “ಹೋಗ್ಲಿ ಬಿಡಿ, ನೀರು ಕುಡಿಯೋದು ಮಾತ್ರ ತಪ್ಪಿಸ್ಬೇಡಿ” ಎಂದು ಅಟ್ಟದಿಂದ ತಂಬಿಗೆ ಇಳಿಸಿ ತೊಳೆದು, ಪದ್ಧತಿಯಂತೆ ಅಂಚಿನವರೆಗೆ ತುಂಬಿ ಸ್ಟೂಲಿನ ಮೇಲಿಟ್ಟಳು. ನಾನು ಪೇಪರ್ ಬಿಡಿಸಿದೆ. ಸ್ವಲ್ಪ ಹೊತ್ತಿನಲ್ಲಿ ಪೇಪರಿನ ಆಚೆಯಿಂದ ಲೊಚಕ್ ಲೊಚಕ್ ಎಂದು ಸದ್ದು ಬಂತು.

ಮೆಲ್ಲಗೆ ಪೇಪರ್ ಇಳಿಸಿದೆ. ಗುಂಡ ಹಿಂಗಾಲಿನ ಮೇಲೆ ನಿಂತು, ಮುಂಗಾಲುಗಳನ್ನು ಸ್ಟೂಲಿನ ಮೇಲಿಟ್ಟು, ತುಂಬಿದ ತಂಬಿಗೆಯಿಂದ ಕಣ್ಣು ಅರೆಮುಚ್ಚಿ ಕುಡಿಯುತ್ತಿದ್ದ. ನೀರು ಅಂಚಿನಲ್ಲೇ ಇದ್ದುದರಿಂದ ತಲೆ ಒಳಗೆ ತೂರಿಸಬೇಕಿರಲಿಲ್ಲ, ಮೀಸೆ ಎಲ್ಲಿಗೂ ತಾಗುತ್ತಿರಲಿಲ್ಲ. ಅವನ ನಿಲುವಿನಲ್ಲಿ ಹೊಸ ಜಾಗಕ್ಕೆ ಬಂದವನ ಅನುಮಾನವೇ ಇರಲಿಲ್ಲ. ಬಹಳ ದಿನ ಮುಚ್ಚಿದ್ದ ತನ್ನ ಹೋಟೆಲು ಮತ್ತೆ ತೆರೆದ ಹಾಗೆ ನಿಂತಿದ್ದ. ನನಗಾದ ಸಂತೋಷ ಹೇಳತೀರದು. ಅಡುಗೆಮನೆಯ ಬಾಗಿಲಲ್ಲಿ ಗಿರಿಜ ನಿಂತಿದ್ದಳು. ಅವಳ ಕಣ್ಣಲ್ಲೂ ನೀರು. ಸದ್ದು ಮಾಡಬೇಡ ಎಂದು ಕೈಸನ್ನೆ ಮಾಡಿದೆ.

ಗುಂಡ ಕುಡಿದು, ಮೂತಿ ನೆಕ್ಕಿಕೊಂಡು ಕೆಳಗಿಳಿದ. ತಂಬಿಗೆಯಲ್ಲಿ ನೀರು ಒಂದಿಷ್ಟು ಇಳಿದಿತ್ತು. ಎಷ್ಟೆಂದರೆ, ಮೊದಲೆಲ್ಲ ಗಿರಿಜ ನೋಡಿ “ಭೇಷ್” ಅನ್ನುತ್ತಿದ್ದಳಲ್ಲ, ಸರಿಯಾಗಿ ಅಷ್ಟು. ಅವಳು ತಂಬಿಗೆ ನೋಡಿದಳು. ಗುಂಡನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎರಕದಲ್ಲಿ ಬಿರುಕು ಕಂಡಾಗ ನಾನು ನೋಡುವ ನೋಟ ಅದು, ಎಲ್ಲಿ ಕಲಿತಳೋ.

“ರೀ, ಅಂದ್ರೆ ಆಗೆಲ್ಲ ಈ ತಂಬಿಗೆ ನೀರು ಕುಡಿದಿದ್ದು ನೀವಲ್ಲ.”

“ನಾನೂ ಸ್ವಲ್ಪ ಕುಡಿದಿರ್ಬೋದು ಮಾರಾಯ್ತಿ.”

“ಬಾಟ್ಲಿ ಮಾತ್ರ ದಿನಾ ಖಾಲಿಯಾಗಿ ಬರ್ತಿತ್ತಲ್ಲ, ಅದು?”

ಸೆಲ್ವಂ ಒಳ್ಳೆಯ ಸ್ನೇಹಿತ. ಅವನ ಹೆಸರನ್ನು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಈಗ ಕಿಟಕಿಯ ಪಕ್ಕ ಎರಡು ಸ್ಟೂಲು, ಎರಡು ತಂಬಿಗೆ, ಎರಡೂ ಅಂಚಿನವರೆಗೆ ತುಂಬಿದವು. ಗುಂಡ ಆರೋಗ್ಯವಾಗಿದ್ದಾನೆ, ಡಾಕ್ಟರಮ್ಮನಿಗೂ ಸಮಾಧಾನ. ನನ್ನ ತಂಬಿಗೆಯ ಎದುರು ಮಾತ್ರ ಗಿರಿಜ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಮೊನ್ನೆ ಎರಡು ಗುಟುಕಿಗೆ ನಿಲ್ಲಿಸಿ, ಬಲವಂತವಾಗಿ ಕುಡಿಸಬಾರದು, ತಾನಾಗಿ ಕುಡಿಯಬೇಕು ಅನ್ನಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದನ್ನು ನೆನಪಿಸಿದೆ.

“ಅದು ಬೆಕ್ಕಿಗೆ ಹೇಳಿದ್ದು. ಎತ್ತಿ ಕುಡೀರಿ” ಎಂದಳು.

ಗುಂಡ ತನ್ನ ಪಾಲಿನದನ್ನು ಮುಗಿಸಿ, ಪಕ್ಕದಲ್ಲೇ ಕೂತು, ನಾನು ಕೊನೆಯ ಗುಟುಕು ನುಂಗುವವರೆಗೂ ತಪಾಸಣೆ ಮಾಡಿದ.