ಬಾಮೈದನ ಸಮುದ್ರ, ನನ್ನ ಬಾವುಟದ ಹಗ್ಗ

ಬೇರೆಯವರ ಮನೆಯ ಮೇಲೆ ಮಹಡಿ ಎದ್ದರೆ, ಪಕ್ಕದವರು ಕಾರು ತಂದರೆ, ಜೊತೆಯಲ್ಲಿ ಓದಿದವನ ಮಗಳು ಡಾಕ್ಟರಾದರೆ ನನಗೆ ಹೊಟ್ಟೆಕಿಚ್ಚು ಬರುವುದಿಲ್ಲ. ಇದನ್ನು ನಾನು ಎದೆ ತಟ್ಟಿಕೊಂಡು ಹೇಳಬಲ್ಲೆ, ಹೆಂಡತಿ ಪದ್ಮ ಹತ್ತಿರದಲ್ಲಿ ಇಲ್ಲದಿದ್ದರೆ. ಅವಳಿದ್ದರೆ "ಹೂಂ, ಹೌದೌದು" ಎಂದು ರಾಗ ಎಳೆಯುತ್ತಾಳೆ. ಆ ರಾಗದಲ್ಲಿ ನಮ್ಮ ಇಪ್ಪತ್ತೆಂಟು ವರ್ಷದ ಸಂಸಾರವೆಲ್ಲ ಬಂದುಬಿಡುತ್ತದೆ. ದೊಡ್ಡ ವಿಷಯಗಳಿಗೆ ನಾನು ಹೊಟ್ಟೆ ಉರಿದುಕೊಳ್ಳುವವನಲ್ಲ, ನಿಜ. ನನ್ನದೇನಿದ್ದರೂ ಸಣ್ಣಪುಟ್ಟದ್ದು. ಕಳೆದ ಆಗಸ್ಟ್ ಹದಿನೈದರಂದು ನಾನು ಉರಿದುಹೋದದ್ದು ಒಂದು ನೈಲಾನ್ ಹಗ್ಗಕ್ಕಾಗಿ. ಯಾರ ಮೇಲೆ ಎಂದು ಹೇಳಲು ನಾಚಿಕೆಯಾಗುತ್ತದೆ. ಎಪ್ಪತ್ತೆರಡು ವರ್ಷದ ನನ್ನ ಅತ್ತೆಯ ಮೇಲೆ.

ನಾವಿರುವುದು ಕೋರಮಂಡಲ್‌ನಲ್ಲಿ, ಚಿನ್ನದ ಗಣಿಯ ಕಾಲದ ಹಳೇ ಸಾಲುಮನೆಯಲ್ಲಿ, ನಮ್ಮ ಬಾಯಲ್ಲಿ ಅದು "ಲೈನು". ದಿನಾ ಬೆಳಗಿನ ರೈಲು ಹಿಡಿದು ಬಂಗಾರಪೇಟೆಗೆ ಹೋಗುತ್ತೇನೆ. ಅಲ್ಲೊಂದು ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವುದು, ಮತ್ತೆ ಮಡಿಸಿಡುವುದು ನನ್ನ ಉದ್ಯೋಗ. ನಲವತ್ತು ಸೀರೆ ಬಿಚ್ಚಿಸಿ "ಇನ್ನೊಂದ್ಸಲ ಬತ್ತೀವಣ್ಣಾ" ಎಂದು ಎದ್ದು ಹೋದವರ ಹಿಂದೆ ನಗುನಗುತ್ತಾ ಮಡಿಸುವುದೂ ಒಂದು ವಿದ್ಯೆ, ಸುಮ್ಮನೆ ಬರುವುದಿಲ್ಲ. ಈ ವಿದ್ಯೆ ನೋಡಿಯೇ ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಲೈನಿನವರು ಬಾವುಟ ಕಟ್ಟುವ ಕೆಲಸ ನನಗೆ ಒಪ್ಪಿಸಿದರು. ಒಳಗೆ ಚೆಂಡುಹೂವಿನ ಎಸಳು ತುಂಬಿ, ಬಟ್ಟೆಯನ್ನು ಅಂಗೈಯಗಲ ಮಡಿಸಿ, ಸುತ್ತ ಒಂದೇ ಒಂದು ಜಾರುಗಂಟು ಹಾಕಿ, ಕಂಬದ ತುದಿಗೆ ಏರಿಸಬೇಕು. ಕೆಳಗಿನಿಂದ ಒಮ್ಮೆ ಎಳೆದರೆ ಗಂಟು ಬಿಚ್ಚಿ, ಹೂ ಸುರಿದು, ಬಾವುಟ ಹಾರಬೇಕು. ಕಟ್ಟಿದವನೇ ಎಳೆಯಲಿ ಎಂದು ಮೊದಲ ವರ್ಷವೇ ತೀರ್ಮಾನವಾಗಿ, ಹಗ್ಗವೂ ನನ್ನ ಪಾಲಿಗೆ ಬಂತು. ವರ್ಷವೆಲ್ಲ ನಾನು "ಅಣ್ಣಾ, ಆ ಹಸಿರು ಬಾರ್ಡರ್ ತೆಗೀರಿ" ಎನ್ನಿಸಿಕೊಳ್ಳುವ ಮನುಷ್ಯ. ಆ ಒಂದು ದಿನ ಮಾತ್ರ ಇಡೀ ಲೈನು ಉಸಿರು ಬಿಗಿಹಿಡಿದು ನನ್ನ ಕೈಯನ್ನೇ ನೋಡುತ್ತದೆ. ಒಂದು ವರ್ಷವೂ ಗಂಟು ಸಿಕ್ಕಿಕೊಂಡಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ.

ಈಗ ನನ್ನ ಬಾಮೈದ ವೆಂಕಟೇಶನ ವಿಷಯಕ್ಕೆ ಬರಬೇಕು. ಪದ್ಮನಿಗಿಂತ ಹದಿನೈದು ವರ್ಷ ಚಿಕ್ಕವನು, ಬೇತಮಂಗಲದ ಕೆರೆಯಲ್ಲಿ ಈಜು ಕಲಿತವನು, ನೌಕಾಪಡೆಯ ಹಡಗಿನಲ್ಲಿ ಅಡುಗೆಯವನು. ಅವನಿಗೆ ಅರ್ಜಿ ತುಂಬಿಕೊಟ್ಟವನು ನಾನೇ. ಅವನಿಗಿಂತ ಎಷ್ಟೋ ವರ್ಷ ಮೊದಲು ನಾನೂ ಒಂದು ಅರ್ಜಿ ತುಂಬಿದ್ದೆ. ನನ್ನ ಪಾದ ಚಪ್ಪಟೆಯೆಂದು ವಾಪಸ್ಸು ಕಳಿಸಿದರು. ಸೀರೆ ಮಡಿಸುವುದಕ್ಕೆ ಪಾದ ಹೇಗಿದ್ದರೂ ನಡೆಯುತ್ತದೆ. ಈ ವರ್ಷ ಎಲ್ಲೋ ದೂರದ ಸಮುದ್ರದಲ್ಲಿ ಯಾರ್ಯಾರಿಗೋ ಯುದ್ಧ ಹತ್ತಿಕೊಂಡು, ಸರಕಿನ ಹಡಗುಗಳ ಕಾವಲಿಗೆ ವೆಂಕಟೇಶನ ಹಡಗನ್ನು ಕಳಿಸಿದರು. ಅಂದಿನಿಂದ ನಮ್ಮ ಲೈನಿನಲ್ಲಿ ನನಗೆ ಹೆಸರೇ ಇಲ್ಲದಂತಾಯಿತು. ನಾನು "ವೆಂಕಟೇಶನ ಭಾವ" ಆದೆ. ಹಾಲಿನವನು ಕೇಳುವುದು ವೆಂಕಟೇಶನನ್ನು, ರೈಲಿನಲ್ಲಿ ಕೇಳುವುದು ವೆಂಕಟೇಶನನ್ನು. ಅವನು ಅಲ್ಲಿ ಬೇಳೆ ಬೇಯಿಸುತ್ತಿದ್ದಾನೆ ಎಂದು ನಾನು ಹೇಳಿದರೆ, "ಯುದ್ಧದಲ್ಲಿ ಬೇಳೆ ಬೇಯ್ಸೋದು ಅಂದ್ರೆ ಆಟವಾ?" ಎಂದು ನನಗೇ ದಬಾಯಿಸುತ್ತಾರೆ.

ಅತ್ತೆ ಬೇತಮಂಗಲದ ಹತ್ತಿರದ ಹಳ್ಳಿಯಿಂದ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ಹಡಗಿನಿಂದ ತಿಂಗಳಿಗೊಮ್ಮೆ ಐದು ನಿಮಿಷ ಫೋನು ಬರುತ್ತದೆ, ಅದು ಪದ್ಮನ ಮೊಬೈಲಿಗೆ. ಹಳ್ಳಿಯಲ್ಲಿದ್ದರೆ ಆ ಐದು ನಿಮಿಷ ತಪ್ಪಿಹೋದೀತೆಂದು ಭಯ. ಟೀವಿಯಲ್ಲಿ ಹಡಗಿನ ಚಿತ್ರ ಬಂದರೆ ಎದ್ದು ಹೋಗಿ ಆರಿಸುತ್ತಿದ್ದರು, ಊಟ ಅರ್ಧಕ್ಕೆ ಬಿಡುತ್ತಿದ್ದರು. ಇದನ್ನೆಲ್ಲ ನಾನೂ ನೋಡಿದ್ದೆ, ಮರುಗಿದ್ದೆ. ಆದರೆ ಆಗಸ್ಟ್ ಮೊದಲ ವಾರ ದೊರೈ ಅಣ್ಣ ಮನೆಗೆ ಬಂದರು ನೋಡಿ. ಗಣಿಯಲ್ಲಿ ಕೆಲಸ ಮಾಡಿದ ತಮಿಳು ಹಿರಿಯರು, ನಮ್ಮ ಲೈನಿನ ಸಂಘಕ್ಕೆ ಅವರೇ ಅಧ್ಯಕ್ಷರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ತಂಬಿ, ತಪ್ಪು ತಿಳ್ಕೋಬೇಡ. ಮಗ ಯುದ್ಧದ ಸಮುದ್ರದಲ್ಲಿ ಅವ್ನೆ. ಈ ಸಲ ಬಾವುಟ ಅಮ್ಮ ಎಳೀಲಿ. ನೀನು ಕಟ್ಟಿ ಕೊಡು, ಸಾಕು. ಪರ್ವಾಯಿಲ್ಲ ತಾನೇ?" ಎಂದರು. "ಅಯ್ಯೋ, ನಂಗ್ಯಾಕಪ್ಪ ಇದೆಲ್ಲ? ಅಳಿಯಂದ್ರು ಇದಾರಲ್ಲ" ಎಂದರು ಅತ್ತೆ. "ಛೆ ಛೆ, ನೀವೇ ಎಳೀಬೇಕು ಅತ್ತೆ" ಎಂದೆ ನಾನು, ಮರ್ಯಾದೆಗೆ. ಇನ್ನೊಂದು ಸಲ ಬೇಡವೆನ್ನಲಿ ಎಂದು ಕಾದೆ. ಅವರು "ಅಂಗಾದ್ರೆ ಸರಿ" ಎಂದು ಒಳಗೆ ಹೋಗಿ ಯಾವ ಸೀರೆ ಉಡಬೇಕೆಂದು ಪದ್ಮನನ್ನು ಕೇಳತೊಡಗಿದರು. ಆ ಸೀರೆಯನ್ನು ಆರಿಸಿ, ಇಸ್ತ್ರಿ ಮಾಡಿಸಿ, ಮಡಿಸಿ ಕೊಟ್ಟವನೂ ನಾನೇ.

ಹದಿನೈದನೇ ತಾರೀಕು ಬೆಳಿಗ್ಗೆ ಏಳಕ್ಕೆ ಕಂಬದ ಬುಡದಲ್ಲಿ ಕೂತು ಬಾವುಟ ಮಡಿಸಿದೆ. ಎಸಳು ತುಂಬಿದೆ. ಜಾರುಗಂಟು ಹಾಕಿದೆ. ಆಮೇಲೆ ಏನಾಯಿತೋ, ನನ್ನ ಬೆರಳು ತಾನಾಗಿಯೇ ಹೋಗಿ ಅದರ ಮೇಲೆ ಇನ್ನೊಂದು ಸುತ್ತು ಹಾಕಿತು. ತಾನಾಗಿಯೇ ಎಂದದ್ದು ಸುಳ್ಳು. ಲೆಕ್ಕ ಹಾಕಿಯೇ ಹಾಕಿದೆ. ಅತ್ತೆ ಎಳೆಯುತ್ತಾರೆ, ಬಿಚ್ಚುವುದಿಲ್ಲ. ಇನ್ನೊಮ್ಮೆ ಎಳೆಯುತ್ತಾರೆ, ಬಿಚ್ಚುವುದಿಲ್ಲ. ಆಗ ದೊರೈ ಅಣ್ಣ "ತಂಬೀ, ನೀನೇ ಬಾಪ್ಪಾ" ಎನ್ನುತ್ತಾರೆ. ನಾನು ನಿಧಾನವಾಗಿ, ಬೇಡಬೇಡವೆನ್ನುತ್ತಾ, ಹೋಗುತ್ತೇನೆ. ಇಷ್ಟೇ ನನ್ನ ಆಸೆ. ಯಾರಿಗೂ ನಷ್ಟವಿಲ್ಲ. ಗಂಟನ್ನು ಕಂಬದ ತುದಿಗೆ ಏರಿಸಿ ಕೈ ಒರೆಸಿಕೊಂಡೆ.

ಎಂಟೂ ಕಾಲಿಗೆ ಪದ್ಮನ ಫೋನು ಬಡಿದುಕೊಂಡಿತು. ಹಡಗಿನಿಂದ! ಅತ್ತೆ ಓಡಿ ಬಂದರು. ಪದ್ಮ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. "ಅಮ್ಮಾ, ಚೆನ್ನಾಗಿದೀನಿ, ಉಂಡಿದೀನಿ, ಅಳ್ಬೇಡ" ಎಂದು ಮೂರು ಮಾತಿನಲ್ಲಿ ತಾಯಿಯ ಪಾಲು ಮುಗಿಸಿ, "ಭಾವ ಅವ್ರಾ? ಭಾವಂಗೆ ಕೊಡು ಬೇಗ" ಎಂದ. ಅಲ್ಲಿನ್ನೂ ಬೆಳಕು ಹರಿದಿರಲಿಲ್ಲವಂತೆ. ಇನ್ನೂರು ಜನಕ್ಕೆ ಕೇಸರಿಬಾತು ಮಾಡುತ್ತಿದ್ದನಂತೆ. "ಭಾವ, ನಿಮ್ ವಿಷ್ಯ ಇಲ್ಲಿ ಎಲ್ರಿಗೂ ಏಳಿದೀನಿ. ನಮ್ಮಲ್ಲಿ ನೂರು ತರ ಗಂಟು ಗೊತ್ತು, ಊವು ಇಡ್ಕೊಳ್ಳೋ ಗಂಟು ಯಾರ್ಗೂ ಗೊತ್ತಿಲ್ಲ. ಅಂಗೇ ಕಟ್ಟು ಅಂತ ಸಾಹೇಬ್ರು ನಂಗೆ ಬಿಟ್ಟವ್ರೆ. ಜಾರುಗಂಟು ಒಂದೇ ಸುತ್ತು ತಾನೇ?"

ಲೈನಿನ ಜನವೆಲ್ಲ ಸುತ್ತ ನಿಂತಿತ್ತು. "ಒಂದೇ" ಎಂದೆ. "ಎರಡ್ನೇ ಸುತ್ತು ಆಕಿದ್ರೆ?" ಎಂದು ಕೇಳಿದ ವೆಂಕಟೇಶ.

"ಬಿಚ್ಚಲ್ಲ."

"ಅದಕ್ಕೇ ಕೇಳ್ದೆ. ಭಾವ, ನಿಜ ಏಳ್ಲಾ? ನಿಮ್ಮನ್ನ ನೆನಸ್ಕೊಂಡ್ರೆ ಒಟ್ಟೆ ಉರೀತೈತೆ ನಂಗೆ. ಮಣ್ಣಲ್ಲಿ ನೆಟ್ಟಿರೋ ಕಂಬ, ನೆಲದ ಮೇಲೆ ಕಾಲು. ಇಲ್ಲಿ ಕಂಬಾನೇ ಓಲಾಡ್ತೈತೆ. ನೀವು ಎಳಿಯೋವಾಗ ನನ್ ಎಸರು ಒಂದ್ಸಲ..." ಅಷ್ಟರಲ್ಲಿ ಐದು ನಿಮಿಷ ಮುಗಿದು ಫೋನು ನಿಂತುಹೋಯಿತು.

ಇಷ್ಟು ಹೊತ್ತೂ ನಾನು ಅವನನ್ನು ಕಂಡು ಉರಿಯುತ್ತಿದ್ದರೆ ಆ ಪುಣ್ಯಾತ್ಮ ನನ್ನನ್ನು ಕಂಡು ಉರಿಯುತ್ತಿದ್ದಾನೆ! ನನಗೆ ಅಳು ಬಂದಂತಾಯಿತು, ಅದರ ಹಿಂದೆಯೇ ಬೆವರೂ ಬಂತು. ಎರಡು ಸುತ್ತಿನ ಗಂಟು ಮೇಲೆ ಕೂತಿತ್ತು. ಬಾವುಟ ಕೆಳಗಿಳಿಸೋಣವೆಂದರೆ ಯಾಕೆಂದು ಹೇಳಬೇಕಲ್ಲ? ಹಗ್ಗಕ್ಕೆ ಕೈ ಹಾಕಿದೆ. ದೊರೈ ಅಣ್ಣ ತಪ್ಪು ತಿಳಿದು, ಮೈಕಿನಲ್ಲೇ "ತಂಬಿ, ಈ ಸಲ ಅಮ್ಮ ಅಂತ ಮಾತಾಗಿದೆ" ಎಂದುಬಿಟ್ಟರು. ಜನ ನಕ್ಕಿತು. ಅತ್ತೆ ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಎಳೆದರು. ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದರು. ಬಿಚ್ಚಲಿಲ್ಲ. ಮಗ ಎಲ್ಲಿದ್ದಾನೋ ಹೇಗಿದ್ದಾನೋ ಎಂದು ಮೊದಲೇ ಹೆದರಿದ್ದ ಹೆಂಗಸು, ಇದನ್ನು ಕೆಟ್ಟ ಶಕುನವೆಂದು ತಿಳಿದಾರೆಂಬುದು ನನ್ನ ಮಂಡೆಗೆ ಹೊಳೆದದ್ದೇ ಆಗ. ಅವರ ಮುಖ ಬಿಳಿಚಿಕೊಂಡಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಡಿಯೆಲ್ಲ ಗಣಿಯ ಸುರಂಗವೇ ಇರುವ ಕೋರಮಂಡಲ್‌ನಲ್ಲಿ ಅದೇನು ಕಷ್ಟದ ಕೆಲಸವಲ್ಲ. ದೊರೈ ಅಣ್ಣ ನಾನು ಲೆಕ್ಕ ಹಾಕಿದಂತೆಯೇ "ತಂಬೀ, ನೀನೇ ಬಾಪ್ಪಾ" ಎಂದರು. ನಾನು ನಿಧಾನವಾಗಿ ಹೋಗಲಿಲ್ಲ, ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯದೆ ಓಡಿದೆ.

ಅತ್ತೆ ಹಗ್ಗ ಕೊಡಲಿಲ್ಲ. ನನ್ನ ಮುಖವನ್ನೊಮ್ಮೆ, ಕಂಬದ ತುದಿಯನ್ನೊಮ್ಮೆ ನೋಡಿದರು. "ವಸಿ ಸರೀರಿ ಅಳಿಯಂದ್ರೇ. ಬಾವಿ ಅಗ್ಗ ಸೇದಿರೋ ಕೈ ಇದು" ಎಂದು, ಹಗ್ಗವನ್ನು ಸಡಿಲ ಬಿಟ್ಟು, ಎಡಕ್ಕೆ ಒಂದು ಸಾರಿ, ಬಲಕ್ಕೆ ಒಂದು ಸಾರಿ ಜಾಡಿಸಿ ಎಳೆದರು. ಎರಡು ಸುತ್ತೂ ಬಿಚ್ಚಿಕೊಂಡವು. ಕೆಳಗೆ ಬಾಯಿ ಬಿಟ್ಟುಕೊಂಡು ನಿಂತಿದ್ದ ನನ್ನ ತಲೆಯ ಮೇಲೆ ಎಸಳೆಲ್ಲ ಸುರಿಯಿತು. ನಾನು ನಿಜವಾಗಿಯೂ ಅತ್ತುಬಿಟ್ಟೆ. ಪದ್ಮ ಇದನ್ನೆಲ್ಲ ವಿಡಿಯೋ ಮಾಡಿದಳು.

ಹತ್ತು ದಿನದ ಮೇಲೆ ಹಡಗು ಯಾವುದೋ ಬಂದರಿಗೆ ಬಂದಾಗ ವೆಂಕಟೇಶ ಆ ವಿಡಿಯೋ ನೋಡಿ ಫೋನು ಮಾಡಿದ. ಅವನ ಕಡೆ ಗಂಟು ಒಂದೇ ಎಳೆತಕ್ಕೆ ಬಿಚ್ಚಿತಂತೆ. ಹೂವಿಲ್ಲದ್ದಕ್ಕೆ ಕ್ಯಾರೆಟ್ ತುರಿ ತುಂಬಿದ್ದನಂತೆ. ಅರ್ಧ ಸಮುದ್ರಕ್ಕೆ, ಅರ್ಧ ಸಾಹೇಬರ ಟೋಪಿಗೆ. ರಾಷ್ಟ್ರಗೀತೆ ಮುಗಿಯಲು ಎರಡು ಸಾಲು ಇದೆ ಎನ್ನುವಾಗ ಅಪಾಯದ ಗಂಟೆ ಹೊಡೆದು, ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಓಡಿದರಂತೆ. "ಉಳಿದಿದ್ದನ್ನ ಓಡ್ತಾ ಓಡ್ತಾನೇ ಆಡಿದ್ವಿ ಭಾವ. ಏನೂ ಆಗ್ಲಿಲ್ಲ, ಸದ್ಯ. ಕೇಸರಿಬಾತು ತಣ್ಣಗಾಗಿತ್ತು, ಅಷ್ಟೇ" ಎಂದ. ನಾವು ಮೈಕು ಹಿಡಿದು, ನೆಟ್ಟಗೆ ನಿಂತು ಹಾಡಿದ್ದೆವು. ಅವರು ಓಡುತ್ತಾ ಹಾಡಿದ್ದರು. ನನಗೆ ಅದಕ್ಕೂ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? "ನೀವು ಅಳೋದನ್ನ ನೋಡಿ ನಮ್ಮವ್ರೆಲ್ಲ ಕಣ್ಣಲ್ಲಿ ನೀರು ಆಕ್ಕೊಂಡ್ರು. ದೇಶ ಅಂದ್ರೆ ನಿಮ್ ಭಾವಂಗೆ ಎಷ್ಟು ಪ್ರೀತಿ ಅಂತ" ಎಂದೂ ಹೇಳಿದ. ಪಕ್ಕದಲ್ಲಿ ಪದ್ಮ "ಹೂಂ, ಹೌದೌದು" ಎಂದು ರಾಗ ಎಳೆದಳು.

ಫೋನಿಟ್ಟ ಮೇಲೆ ಅತ್ತೆ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಎರಡನೇ ಸಲ ಸಾರು ಹಾಕಿಸಿಕೊಂಡರು. ಮುಂದಿನ ವರ್ಷ ಅವನಿಗೆ ರಜ ಸಿಗಬಹುದಂತೆ. "ಬಂದ್ರೆ ಅವನ ಕೈಲೇ ಎಳಿಸಾಣ, ಅಲ್ವಾ ಅಳಿಯಂದ್ರೇ?" ಎಂದರು. ಖಂಡಿತ ಎಂದೆ, ಮನಸ್ಸಿನಿಂದಲೇ ಎಂದೆ. ಹಗ್ಗ ಹೋದರೂ ಗಂಟಾದರೂ ನನ್ನ ಪಾಲಿಗೆ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅತ್ತೆ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಗಂಟು ನಾನು ಕಟ್ತೀನಿ. ನೀವು ಊವು ಬಿಡಿಸಿ ಕೊಡಿ, ಸಾಕು."