ರಾಕೆಟ್ ಚರ್ಚೆಯೂ ನನ್ನ ಟವೆಲ್ಲೂ

ನಾನು ಬಾಯಿ ತೆರೆದಲ್ಲೆಲ್ಲ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ತಪ್ಪು ನನ್ನದಲ್ಲ, ಕೇಳುವ ಮಂದಿಯದು. ತೊಂಬತ್ತರ ದಶಕದ ಕೊನೆಗೆ ಕಾಲೇಜುಗಳ ಚರ್ಚಾ ಸ್ಪರ್ಧೆಗೆ ವಿಷಯ ಬಂತು: 'ರಾಕೆಟ್ ಉಡಾವಣಾ ಕೇಂದ್ರವು ಸರ್ಕಾರದ್ದಿರಬೇಕೋ, ಖಾಸಗಿಯವರದ್ದೋ?' ನನ್ನ ಪಾಲಿಗೆ ಸರ್ಕಾರ ಬಿತ್ತು. ಪಾಮನಕಲ್ಲೂರಿನಲ್ಲಿ ನನ್ನಂಥ ಮಾತುಗಾರ ಇನ್ನೊಬ್ಬ ಹುಟ್ಟಿಲ್ಲ. ಗೆದ್ದು ತರುವ ಬಹುಮಾನದ ಢಾಲಿಗೆಂದು ಪಡಸಾಲೆಯ ಗೋಡೆಗೆ ಮೊದಲೇ ಮೊಳೆ ಹೊಡೆದು ಊರಿಗೆಲ್ಲ ತೋರಿಸಿದ್ದೆ.

೧. ಸಿಂಧನೂರಿನ ಮೊದಲ ಸುತ್ತು

ಗಾಳಿ, ಇಂಧನ, ಸಮುದ್ರತೀರ ಅಂತ ವಾರವಿಡೀ ಓದಿ ಚೀಟಿ ಬರೆದುಕೊಂಡು ಹೋಗಿದ್ದೆ. ಎದುರಾಳಿ ಹುಡುಗಿ, "ಖಾಸಗಿಯವರು ಹೇಳಿದ ಹೊತ್ತಿಗೆ ರಾಕೆಟ್ ಬಿಡುತ್ತಾರೆ" ಎಂದಳು. ನಾನು ಏಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೂಗಿದರು: "ಸುಳ್ಳವ್ವಾ! ಸೀಟು ತುಂಬೂತನಕ ಖಾಸಗಿ ಜೀಪೇ ಬಿಡಂಗಿಲ್ಲ, ರಾಕೆಟ್ಟು ಬಿಡ್ತಾರೇನು?"

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಗೆದ್ದೆ. ನನ್ನ ಇಂಧನ ಜೇಬಿನಲ್ಲೇ ಉಳಿಯಿತು.

೨. ಮಸ್ಕಿಯ ಚಾಚಾ

ಫೈನಲ್ ದಿನ ಬಸ್ಸಿಗೆ ಕಾಯುತ್ತ, ಚಹಾದಂಗಡಿ ಚಾಚಾನ ಮುಂದೆ ಭಾಷಣ ಒಪ್ಪಿಸಿದೆ.

ಚಾಚಾ ಕೇಳಿದ: "ಖಾಸಗಿದು ಕೆಟ್ಟು ನಿಂತ್ರ ನಮ್ಮನ್ನ ಇಳಿಸಿ ದಬ್ಬಾಕ ಹಚ್ತಾರ. ಸರ್ಕಾರಿದ್ರಾಗ ಹೆಂಗ?"

"ಎರಡರಾಗೂ ಮಂದಿ ಇರಂಗಿಲ್ಲ ಚಾಚಾ, ಉಪಗ್ರಹ ಅಷ್ಟ ಹೋಗತೈತಿ."

ಚಾಚಾ ಚಹಾ ಸೋಸುವುದನ್ನೇ ನಿಲ್ಲಿಸಿದ. "ಮಂದೀನ ಇಲ್ಲಂದ್ರ ದಬ್ಬೋರು ಯಾರಪಾ?"

೩. ಲಿಂಗಸುಗೂರಿನ ಫೈನಲ್

ಸರ್ಕಾರಿ ಬಸ್ಸು ಬಂತು. ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿದೆ. ಹತ್ತಿ ನೋಡಿದರೆ ಕನ್ನಡಕದವರೊಬ್ಬರು ಅದರ ಮೇಲೆಯೇ ಕೂತಿದ್ದಾರೆ!

"ಏಳ್ರೀ! ಟವೆಲ್ಲು ಕಾಣಂಗಿಲ್ಲೇನು?"

"ಸರ್ಕಾರಿ ಬಸ್ಸೈತಿ ತಮ್ಮಾ, ಎಲ್ಲಾರ್ದೂ ಐತಿ."

"ಬಸ್ಸು ಎಲ್ಲಾರ್ದು. ಸೀಟು ನಂದು!"

ಅವರು ಲಿಂಗಸುಗೂರು ಮುಟ್ಟುವತನಕ ನಿಂತೇ ಬಂದರು. ಇಳಿಯುವ ಅವಸರದಲ್ಲಿ ನಾನು ಟವೆಲ್ಲನ್ನು ಸೀಟಿನಲ್ಲೇ ಮರೆತೆ.

ವೇದಿಕೆ ಹತ್ತಿ ಗುಡುಗಿದೆ: "ಸರ್ಕಾರದ್ದೆಂದರೆ ಎಲ್ಲರದ್ದು! ಅಲ್ಲಿ ಯಾರೂ ನನ್ನದು ಅನ್ನುವಂತಿಲ್ಲ!" ಚಪ್ಪಾಳೆಯೋ ಚಪ್ಪಾಳೆ. ಹೆಮ್ಮೆಯಿಂದ ತೀರ್ಪುಗಾರರ ಕಡೆ ತಿರುಗಿದೆ. ಅದೇ ಕನ್ನಡಕ.

ಢಾಲು ಖಾಸಗಿ ಪರ ಮಾತಾಡಿದವನಿಗೆ ಹೋಯಿತು. ಆಮೇಲೆ ತೀರ್ಪುಗಾರರು ನನ್ನನ್ನು ಕರೆದು, ನನ್ನದೇ ಟವೆಲ್ಲನ್ನು ಶಾಲಿನ ಹಾಗೆ ಹೊದಿಸಿ, ಮೈಕಿನಲ್ಲಿ ಹೇಳಿದರು: "ಈ ತಮ್ಮ ವೇದಿಕೆ ಮ್ಯಾಲ ಸರ್ಕಾರಿ, ಬಸ್ಸಿನ್ಯಾಗ ಖಾಸಗಿ."

ಮರುದಿನ ಢಾಲು ನೋಡಲು ಊರೇ ಬಂತು. ಮೊಳೆಗೆ ಟವೆಲ್ಲು ತೂಗುತ್ತಿತ್ತು.

"ಇದೇನಲೇ?" ಎಂದರು ಊರ ಗೌಡರು.

"ಬರೋ ವರ್ಷದ ಢಾಲಿಗೆ ಸೀಟು ಹಿಡದೀನ್ರೀ!"